ಗೌರಿಯ ಹೆಸರಿನ ಸ್ಲೈಡು

ಹೋದ ತಿಂಗಳು ಸಕ್ಕರೆ ಪರೀಕ್ಷೆಗೆಂದು ಮೈಸೂರಿನ ಲ್ಯಾಬೊಂದಕ್ಕೆ ಹೋಗಿದ್ದೆ. ಅಲ್ಲಿದ್ದ ಹುಡುಗಿ ನನ್ನ ಎಡಗೈಯ ಉಂಗುರದ ಬೆರಳು ಹಿಡಿದು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದಳು. ಒರೆಸಿದ್ದೇ ತಡ, ಚುಚ್ಚಲು ಬಂದಳು. "ಒಣಗಲಿ ತಾಳಮ್ಮ, ಒದ್ದೆ ಬೆರಳು ಚುಚ್ಚಿದರೆ ರಕ್ತ ಹನಿಯಾಗಿ ನಿಲ್ಲಲ್ಲ, ಹರಡಿಬಿಡುತ್ತೆ" ಅಂದೆ. ಅವಳು ನಕ್ಕು, "ತಾತ, ನೀವು ಡಾಕ್ಟರಾಗಿದ್ರಾ?" ಎಂದು ಕೇಳಿದಳು. "ಇಲ್ಲಮ್ಮ, ಚುಚ್ಚುತ್ತಿದ್ದೆ ಅಷ್ಟೆ" ಅಂದೆ. ಆ ಸ್ಪಿರಿಟ್ಟಿನ ವಾಸನೆ ಮನೆ ಸೇರುವವರೆಗೂ ಮೂಗಿನಲ್ಲೇ ಕೂತಿತ್ತು. ಯಾಕೆ ಮಾವ, ಮುಖ ಗಂಟು ಹಾಕಿಕೊಂಡಿದ್ದೀರಿ ಎಂದು ಸೊಸೆ ಕೇಳಿದಳು. ಐವತ್ತು ವರ್ಷಕ್ಕೂ ಹಿಂದಿನ ಸಿಟ್ಟು ಇದು ಎಂದು ಹೇಳಿದರೆ ನಕ್ಕಾಳೆಂದು, ಬಿಸಿಲು ಜಾಸ್ತಿ ಅಂದುಬಿಟ್ಟೆ.

ಅರವತ್ತರ ದಶಕದ ನಡುವಿನ ಒಂದು ಮಳೆಗಾಲ ಅದು. ನನ್ನದು ನಾಗಮಂಗಲದ ಕಡೆಯ ಹಳ್ಳಿ. ಎಸ್ಸೆಸ್ಸೆಲ್ಸಿ ಮುಗಿಸಿ, ಎರಡು ವರ್ಷ ಮನೆಯವರ ಬಾಯಲ್ಲಿ ಉಂಡಾಡಿ ಅನ್ನಿಸಿಕೊಂಡು, ಕೊನೆಗೆ ಮಲೇರಿಯಾ ಕೆಲಸಕ್ಕೆ ಸೇರಿದ್ದೆ. ಪಾಂಡವಪುರದಲ್ಲಿ ಒಂದು ಬಾಡಿಗೆ ಕೋಣೆ, ಒಂದು ಹಳೇ ಸೈಕಲ್ಲು, ಹೆಗಲಿಗೊಂದು ಖಾಕಿ ಚೀಲ. ಚೀಲದಲ್ಲಿ ಗಾಜಿನ ಸ್ಲೈಡು, ಸೂಜಿ, ಹತ್ತಿ, ಸ್ಪಿರಿಟ್ಟಿನ ಬಾಟಲಿ, ಕಹಿ ಮಾತ್ರೆ, ಒಂದು ದಪ್ಪ ಪೆನ್ಸಿಲು. ಹದಿನೈದು ದಿನಕ್ಕೊಂದು ಸಲ ನನ್ನ ಪಾಲಿನ ಹಳ್ಳಿಗಳ ಒಂದೊಂದು ಮನೆಗೂ ಹೋಗಬೇಕು. ಯಾರಿಗಾದರೂ ಜ್ವರ ಬಂದಿತ್ತೇ ಎಂದು ಕೇಳಬೇಕು. ಬಂದಿದ್ದರೆ ಬೆರಳು ಚುಚ್ಚಿ, ಸ್ಲೈಡಿನ ಮೇಲೆ ರಕ್ತ ತೆಗೆದುಕೊಂಡು, ಮಾತ್ರೆ ನುಂಗಿಸಿ, ಬಾಗಿಲ ಪಕ್ಕದ ಗೋಡೆಯ ಮೇಲೆ ಅವತ್ತಿನ ತಾರೀಖು ಬರೆದು ಸಹಿ ಹಾಕಿ ಬರಬೇಕು. ಸ್ಲೈಡುಗಳು ಪರೀಕ್ಷೆಗೆ ಶ್ರೀರಂಗಪಟ್ಟಣಕ್ಕೆ ಹೋಗುತ್ತಿದ್ದವು. ಊರವರು ನನಗೆ ಇಟ್ಟ ಹೆಸರು ಜ್ವರದಯ್ಯ. ಇಪ್ಪತ್ತೆರಡು ವಯಸ್ಸಿಗೇ ಅಯ್ಯನಾಗಿದ್ದೆ.

ಮೊದಲು ನಮಗೆ ಇನ್ಸ್‌ಪೆಕ್ಟರಾಗಿದ್ದವರು ಶಿವನಂಜಪ್ಪನವರು. ದಪ್ಪ ಆಳು, ಮುಂಗೋಪಿ. ಅವರು ಹತ್ತಿದರೆ ಸೈಕಲ್ಲೇ ಗೊಣಗುತ್ತಿತ್ತು. ಕಾಗದಪತ್ರದಲ್ಲಿ ಬಹಳ ಸೋಮಾರಿ. ಮೇಲಿನ ಆಫೀಸಿನಿಂದ ಬಂದ ಪತ್ರಗಳನ್ನು ಮೇಜಿನ ಡ್ರಾಯರಿಗೆ ತುರುಕಿ, ಡ್ರಾಯರು ಮುಚ್ಚದಿದ್ದರೆ ಮೊಣಕಾಲಿನಿಂದ ಒತ್ತುತ್ತಿದ್ದರು. ಪ್ರತಿ ಶನಿವಾರ ನಾವು ಆರೇಳು ಜನ ಅವರ ಮುಂದೆ ಕೂರಬೇಕು. ಎಷ್ಟು ಸ್ಲೈಡು ಎಂದು ಅವರು ಮೊದಲು ಕೇಳಿದ್ದು ನನಗೆ ನೆನಪಿಲ್ಲ. ಯಾರಿಗೆ ಜ್ವರ, ಯಾವ ಮನೆ, ಹಿತ್ತಲಲ್ಲಿ ನೀರು ನಿಂತಿದೆಯಾ, ಮಾತ್ರೆಯನ್ನು ನಿನ್ನ ಕಣ್ಣೆದುರೇ ನುಂಗಿದರಾ? ಇಷ್ಟೇ ಕೇಳುತ್ತಿದ್ದುದು. ಉತ್ತರ ತಡವರಿಸಿದರೆ ಬೈಗುಳ.

ಸೇರಿದ ಎರಡನೇ ತಿಂಗಳಿಗೇ ನನಗೆ ಈ ಕೆಲಸ ಸಾಕಾಗಿತ್ತು. ಮನೆ ಮನೆ ತಿರುಗಿ ಸೂಜಿ ಚುಚ್ಚುವುದು ಒಂದು ಉದ್ಯೋಗವೇ ಎಂದು ಯಾರ ಹತ್ತಿರವೋ ಗೊಣಗಿದ್ದು ಅವರ ಕಿವಿಗೆ ಬಿತ್ತು. ಮರುದಿನ ನನ್ನನ್ನು ಬಸ್ಸು ಹತ್ತಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದರು. ಪರೀಕ್ಷೆ ಮಾಡುವವನಿಗೆ ಹೇಳಿ, ಸೂಕ್ಷ್ಮದರ್ಶಕದ ಮುಂದೆ ನನ್ನನ್ನು ಕೂರಿಸಿದರು. ಒಂದು ಕಣ್ಣು ಮುಚ್ಚಿ ಬಗ್ಗಿದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ತಿಳಿಗುಲಾಬಿ ಬಣ್ಣದ ಬಿಲ್ಲೆಗಳು, ಅವುಗಳ ನಡುವೆ ಒಂದರ ಹೊಟ್ಟೆಯಲ್ಲಿ ನೀಲಿ ಉಂಗುರ.

"ಕಂಡಿತಾ? ನಂಬರು ನೋಡಿ ಹೇಳು, ಇದು ಯಾರು?"

"ಬೋರಮ್ಮ ಸಾರ್. ಕೆರೆ ಏರಿ ಹತ್ತಿರದ ಮನೆ."

"ಹಂಗಾದ್ರೆ ಇದನ್ನ ಹಿಡಿದೋನು ನೀನು. ನಾನಲ್ಲ, ಡಾಕ್ಟ್ರಲ್ಲ. ಈಗ ಹೋಗಿ ಆಯಮ್ಮಂಗೆ ಹೇಳು."

ಕಾವೇರಿ ಸೇತುವೆ ದಾಟಿ ಬಸ್ಸು ಪಾಂಡವಪುರದ ಕಡೆ ತಿರುಗುವಾಗ ಆ ಹಳೇ ಖಾಕಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಅವತ್ತಿನಿಂದ ಆ ಮಳೆಗಾಲ ಬರುವವರೆಗೂ ಅದನ್ನು ನೆಲದ ಮೇಲೆ ಇಟ್ಟವನಲ್ಲ.

ಹೋಗಿ ಹೇಳು ಎನ್ನುವುದೇ ಶಿವನಂಜಪ್ಪನವರ ಪದ್ಧತಿ. ರಕ್ತ ಕೊಟ್ಟವರಿಗೆ ಉತ್ತರ ಕೊಡಬೇಕು, ಜ್ವರದ ಹುಳ ಸಿಕ್ಕಿದರೂ ಸರಿ, ಸಿಗದಿದ್ದರೂ ಸರಿ. ಹಾಗೆ ಮಾಡಿ ಎಂದು ಯಾವ ಸರ್ಕಾರಿ ಆದೇಶವೂ ಇರಲಿಲ್ಲ. ಮುಂದಿನ ಸಲ ಹೋದಾಗ ಹೊಸಿಲ ಹೊರಗೆ ನಿಂತು, "ಅವ್ವಾ, ನಿನ್ನ ರಕ್ತದಲ್ಲಿ ಏನೂ ಇಲ್ಲ, ಚೆನ್ನಾಗಿದೆ" ಎಂದು ಹೇಳಿಯೇ ಮುಂದೆ ಹೋಗಬೇಕು. ಇಷ್ಟಕ್ಕೆ ಹೆಂಗಸರು ಮಾಡುತ್ತಿದ್ದ ಸಂಭ್ರಮ ನೋಡಬೇಕಿತ್ತು. ನನ್ನ ರಕ್ತ ಚೆನ್ನಾಗೈತಂತೆ ಕಣಮ್ಮಿ ಎಂದು ಬೇಲಿಯಾಚೆಯವಳಿಗೆ ಕೂಗಿ ಹೇಳುವರು. ಮೊದಮೊದಲು ನನ್ನ ಕಂಡರೆ ಮಕ್ಕಳನ್ನು ಬಚ್ಚಿಡುತ್ತಿದ್ದ ಊರುಗಳಲ್ಲಿ ವರ್ಷ ಕಳೆಯುವಷ್ಟರಲ್ಲಿ, "ಜ್ವರದಯ್ಯ, ಈ ಸರ್ತಿ ಯಾರ ಬೆಳ್ಳು ಬೇಕು?" ಎಂದು ಅವರೇ ಕೈ ಚಾಚುತ್ತಿದ್ದರು. ನೆಂಟರ ಮನೆಯಲ್ಲಿ ಚಳಿಜ್ವರ ಹಿಡಿಸಿಕೊಂಡು ಬಂದವರ ಸುದ್ದಿ ನಾನು ಕೇಳುವ ಮೊದಲೇ ದಾರಿಯಲ್ಲಿ ಸಿಗುತ್ತಿತ್ತು.

ನನ್ನ ಪಾಲಿನ ಹಳ್ಳಿಗಳಲ್ಲಿ ಒಂದು ತೊಣ್ಣೂರು ಕೆರೆಯ ಕೆಳಗಿತ್ತು. ನಾನು ಈಗ ಹೇಳಲಿರುವ ಮನೆಯವರು ಇನ್ನೂ ಅಲ್ಲೇ ಇದ್ದಾರೆ, ಆದ್ದರಿಂದ ಊರಿನ ಹೆಸರು ಬೇಡ. ಅಲ್ಲಿ ಸಣ್ಣಮ್ಮ ಅಂತ ಒಬ್ಬಾಕೆ. ಗಂಡ ಗದ್ದೆ ನೋಡಿಕೊಂಡರೆ ಈಕೆ ಮನೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದಳು. ನಡುಮನೆಯ ತುಂಬ ಬಿದಿರಿನ ತಟ್ಟೆಗಳ ಅಟ್ಟಣೆ. ಮನುಷ್ಯರಿಗೆ ಮಲಗಲು ಜಾಗ ಉಳಿದರೆ ಅವರ ಪುಣ್ಯ. ಹುಳ ಪೊರೆ ಬಿಡುವುದಕ್ಕೂ ಅವರ ಮಾತಿನಲ್ಲಿ ಜ್ವರ ಎಂದೇ ಹೆಸರು. "ನಮ್ಗೆ ಜ್ವರ ಇಲ್ಲ ಕಣಪ್ಪ, ನಮ್ ಉಳಕ್ಕೆ ಮೂರನೇ ಜ್ವರ, ಅದರ ಬೆಳ್ಳು ಹಿಡೀತೀಯಾ?" ಎಂದು ನಗಿಸುತ್ತಿದ್ದಳು. ಗೌರಿ ಅಂತ ಏಳು ವರ್ಷದ ಒಬ್ಬಳೇ ಮಗಳು. ಅದಕ್ಕೆ ಮೊದಲು ಎರಡು ಮಕ್ಕಳು ಜ್ವರದಲ್ಲೇ ಹೋಗಿದ್ದವು. ಅದನ್ನು ಮಾತ್ರ ಅವಳು ಒಂದೇ ಸಲ, ಬೇರೆ ಕಡೆ ನೋಡುತ್ತಾ ಹೇಳಿದ್ದಳು.

ಸೊಳ್ಳೆಗೆಂದು ನಾವು ಗೋಡೆಗೆ ಹೊಡೆಯುತ್ತಿದ್ದ ಡಿಡಿಟಿಯ ಗಾಳಿ ತಾಗಿದರೆ ರೇಷ್ಮೆಹುಳ ಉಳಿಯುವುದಿಲ್ಲ. ಒಮ್ಮೆ ಹೊಡೆದ ಗೋಡೆಯ ಹತ್ತಿರ ತಿಂಗಳುಗಟ್ಟಲೆ ಹುಳ ಇಡುವಂತಿಲ್ಲ. ಅದಕ್ಕೇ ಶಿವನಂಜಪ್ಪನವರು ಹುಳದ ಮನೆಗಳಿಗೆ ಡಿಡಿಟಿ ಹೊಡೆಸುತ್ತಿರಲಿಲ್ಲ. ಬದಲಿಗೆ ಅಂಥ ಮನೆಗೆ ವಾರಕ್ಕೊಂದು ಸಲ ಹೋಗಿ ವಿಚಾರಿಸು ಎಂದು ನಮಗೆ ತಾಕೀತು ಮಾಡಿದ್ದರು. ನಾನೂ ತಪ್ಪದೆ ಹೋಗುತ್ತಿದ್ದೆ. ಬೇಸಿಗೆಯಲ್ಲಿ ಗೌರಿಗೆ ಮೈ ಬೆಚ್ಚಗಾದಾಗ ರಕ್ತ ತೆಗೆದು, ಏನೂ ಇಲ್ಲ ಎಂದು ಬಂದು ಹೇಳಿದ್ದೆ. ಸಣ್ಣಮ್ಮ ಹೊಸಿಲ ಮೇಲೆ ಕುಸಿದು ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದಳು. ಆಮೇಲೆ ನನ್ನ ಮಾತು ಅವಳಿಗೆ ದೇವರ ಮಾತು. ಅಂಥ ನಂಬಿಕೆ ನನ್ನಂಥವನ ಮೇಲೆ ಇಡಬಾರದಿತ್ತು.

ಆಷಾಢದ ಗಾಳಿ ಶುರುವಾಗುವ ಹೊತ್ತಿಗೆ ಶಿವನಂಜಪ್ಪನವರಿಗೆ ಕೆ.ಆರ್. ಪೇಟೆಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು ರಂಗಸ್ವಾಮಿ. ಇಸ್ತ್ರಿ ಷರ್ಟು, ಜೇಬಿನಲ್ಲಿ ಕೆಂಪು ಪೆನ್ಸಿಲು, ಕೈಯಲ್ಲಿ ಗಡಿಯಾರ. ಅವರು ಕೆಟ್ಟವರಾಗಿದ್ದರೆ ನನಗೆ ಈಗ ಎಷ್ಟೋ ಸಲೀಸಾಗುತ್ತಿತ್ತು. ಬೆಳಗ್ಗೆ ನಮಗಿಂತ ಮೊದಲು ಆಫೀಸಿನಲ್ಲಿರುವರು. ಯಾರ ಮನೆಯಲ್ಲೂ ಒಂದು ಲೋಟ ಕಾಫಿ ಮುಟ್ಟಿದವರಲ್ಲ. ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ಹಳ್ಳಿಗೆ ಬರುವರು. ಬಂದು ನೋಡುತ್ತಿದ್ದುದು ಮಾತ್ರ ಗೋಡೆಯನ್ನು. ತಾರೀಖು ಇದೆಯಾ, ಸಹಿ ಇದೆಯಾ, ಸರಿ. ಅದೇ ಗೋಡೆಗೆ ಒರಗಿ ನಡುಗುತ್ತಾ ಕೂತ ಮುದುಕ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಮೊದಲ ಶನಿವಾರವೇ ನಮ್ಮ ಹೆಸರುಗಳ ಒಂದು ದೊಡ್ಡ ಪಟ್ಟಿ ಗೋಡೆಗೆ ಬಂತು. ತಿಂಗಳಿಗೆ ಇಂತಿಷ್ಟು ಸ್ಲೈಡು ತರಲೇಬೇಕು. ಕಡಿಮೆ ತಂದವನ ಹೆಸರಿಗೆ ಕೆಂಪು ಗೀಟು. ನಾನು ಮೂರು ಮನೆಯ ಜ್ವರದ ವಿಷಯ ಹೇಳಲು ಬಾಯಿ ತೆರೆದೆ. ಅವರು ಗಡಿಯಾರ ನೋಡಿದರು.

"ಕಥೆ ಬೇಡ, ನಂಬರು ಹೇಳಿ."

ಪರೀಕ್ಷೆಯ ಫಲಿತಾಂಶವನ್ನು ಮನೆಗಳಿಗೆ ತಿಳಿಸುವುದೂ ನಿಂತಿತು. ನಾನು ಕೇಳಿಯೇ ಕೇಳಿದೆ, "ಸಾರ್, ರಕ್ತ ಕೊಟ್ಟವರು ಕಾಯ್ತಿರ್ತಾರೆ."

"ಪಾಸಿಟಿವ್ ಬಂದರೆ ನಾವೇ ಹೋಗ್ತೀವಲ್ಲ. ಬರದಿದ್ದವರಿಗೆ ಯಾಕೆ ಹೇಳಬೇಕು? ಮಾತಾಡೋದಕ್ಕೆ ನಿಮಗೆ ಸಂಬಳ ಕೊಡ್ತಿಲ್ಲ."

ಇನ್ನೂ ಒಂದು ಹೊಸ ಕ್ರಮ ಬಂತು. ಒಬ್ಬನೇ ಒಂದು ಕಡೆ ಇದ್ದರೆ ಬೇರು ಬಿಡುತ್ತಾನೆ, ಜನರ ಜೊತೆ ಸೇರಿ ಸುಳ್ಳು ಬರೆಯುತ್ತಾನೆ ಎಂದು ಹಳ್ಳಿಗಳನ್ನೇ ಅದಲು ಬದಲು ಮಾಡಿದರು. ನನ್ನನ್ನು ನಾನು ಕಾಣದ ಊರುಗಳಿಗೆ ತಳ್ಳಿ, ಕೆರೆ ಕೆಳಗಿನ ಹಳ್ಳಿಗಳನ್ನು ಕಾಳೇಗೌಡನಿಗೆ ಕೊಟ್ಟರು. ಕಾಳೇಗೌಡ ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಡಿಡಿಟಿ ಪಂಪು ಹೊತ್ತು ಸೇರಿದವನು, ಹೇಗೋ ಓದು ಬರಹ ಕಲಿತು ನಮ್ಮ ಕೆಲಸಕ್ಕೆ ಬಂದಿದ್ದ. ನೌಕರಿ ಇನ್ನೂ ಟೆಂಪರರಿ, ಮನೆಯಲ್ಲಿ ನಾಲ್ಕು ಮಕ್ಕಳು. ತನ್ನ ಹಳೇ ಊರುಗಳಲ್ಲಿ ಅವನು ಎಂಥವನೆಂದರೆ, ಯಾವ ಮನೆಯ ಯಾವ ಸೊಸೆ ತವರಿನಿಂದ ಎಂದು ಬರುತ್ತಾಳೆ ಎನ್ನುವುದೂ ಅವನಿಗೆ ಗೊತ್ತು. ಹೊಸ ಊರಿನಲ್ಲಿ ಅವನಿಗೆ ಯಾರೂ ಬೆರಳು ಕೊಡಲಿಲ್ಲ. ಫಲಿತಾಂಶ ಕೇಳಿದರೆ ಇವನ ಬಳಿ ಉತ್ತರವಿಲ್ಲ. ಮಾಮೂಲಿ ಅಯ್ಯ ಎಲ್ಲಿ, ಇವನ್ಯಾರು ಎಂದು ಬಾಗಿಲು ಹಾಕಿಕೊಂಡರು.

ನಾವು ಆ ಮಳೆಗಾಲದಲ್ಲಿ ಏನೇನು ಕಲಿತೆವು ಅಂತ ಹೇಳಿದರೆ ನಾಚಿಕೆಯಾಗುತ್ತದೆ. ಜ್ವರವಿರಲಿ ಇಲ್ಲದಿರಲಿ, ಶಾಲೆಗೆ ನುಗ್ಗಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚುಚ್ಚುವುದು ಕಲಿತೆವು. ಸೈಕಲ್ಲಿನಿಂದ ಇಳಿಯದೆ ಒಂದು ಕಾಲು ಜಗಲಿಗೆ ಊರಿ ತಾರೀಖು ಬರೆದು ಹೊರಡುವುದು ಕಲಿತೆವು. ನಮ್ಮಲ್ಲೊಬ್ಬ ಮಹಾನುಭಾವ ಮತ್ತೆ ಬರುವ ತಾಪತ್ರಯ ಬೇಡವೆಂದು ಮುಂದಿನ ತಾರೀಖನ್ನೂ ಬರೆದಿಟ್ಟು, ನಡುವೆ ರಂಗಸ್ವಾಮಿಯವರು ಬಂದಾಗ ಸಿಕ್ಕಿಬಿದ್ದ. ನಾನೇನು ಕಡಿಮೆ? ಒಂದು ಮನೆಯ ಒಳಗಿನಿಂದ ನರಳುವ ಸದ್ದು ಕೇಳಿಸಿತು. ಆ ತಿಂಗಳ ಸ್ಲೈಡು ತುಂಬಿತ್ತು. ಗೋಡೆಗೆ ತಾರೀಖು ಹಾಕಿ ಮುಂದೆ ಹೋದೆ. ಸಂಜೆ ಕೋಣೆಗೆ ಬಂದು ಚೀಲವನ್ನು ಮೂಲೆಗೆ ಎಸೆದೆ, ಬಾಟಲಿ ಒಡೆದು ಕೋಣೆಯೆಲ್ಲ ಸ್ಪಿರಿಟ್ಟು ಹರಡಿತು.

ಪಟ್ಟಿಯಲ್ಲಿ ಕಾಳೇಗೌಡನ ಹೆಸರಿನ ಮುಂದೆ ಎರಡು ತಿಂಗಳು ಕೆಂಪು ಗೀಟು ಬಿತ್ತು. ಮೂರನೇ ತಿಂಗಳು ಇದ್ದಕ್ಕಿದ್ದಂತೆ ಸ್ಲೈಡಿನ ಲೆಕ್ಕ ತುಂಬಿಬಿಟ್ಟ. ಭಾದ್ರಪದದ ಒಂದು ಬೆಳಗ್ಗೆ ಬಸ್‌ಸ್ಟ್ಯಾಂಡಿನ ಕಾಫಿ ಹೋಟೆಲಿನಲ್ಲಿ ಅವನು ನನ್ನೆದುರು ಕೂತಿದ್ದ. ಕಂಬಳಿ ಹೊದ್ದಿದ್ದ. ಬಿಸಿ ಲೋಟವನ್ನು ಎರಡೂ ಅಂಗೈಯಲ್ಲಿ ಅವುಚಿಕೊಂಡಿದ್ದ. ಅವನಿಗೆ ವರ್ಷಕ್ಕೊಮ್ಮೆ ಮರುಕಳಿಸುವ ಹಳೇ ಚಳಿಜ್ವರ ಇದ್ದುದು ನಮಗೆಲ್ಲ ಗೊತ್ತಿತ್ತು. ಸಣ್ಣಮ್ಮನ ಊರಿನಿಂದ ಹೋದ ಸ್ಲೈಡುಗಳಲ್ಲಿ ಮೂರು ಪಾಸಿಟಿವ್ ಬಂದಿವೆ ಎಂದು ಹಿಂದಿನ ದಿನವಷ್ಟೇ ಸುದ್ದಿಯಾಗಿತ್ತು. ಆ ವಿಷಯ ಎತ್ತಿದೆ.

"ಆ ಮೂರೂ ನಂದೇ ಕಣ್ಲಾ" ಅಂದ.

ನನಗೆ ತಿಳಿಯಲಿಲ್ಲ.

"ಯಾರೂ ಬೆಳ್ಳು ಕೊಡ್ನಿಲ್ಲ ಕಣ್ಲಾ. ಕೆಂಪು ಗೀಟು ಮೂರನೇ ಸಲ ಬಿದ್ರೆ ಮನೀಗ್ ಕಳಿಸ್ತೀನಿ ಅಂದ್ರು. ಅದ್ಕೆ ಕೆರೆ ಏರಿ ಮ್ಯಾಲೆ ಕುಂತು ನನ್ ಬೆಳ್ಳೇ ಚುಚ್ಕೊಂಡು, ಊರ್ ಮನೆ ಪಟ್ಟೀಲಿದ್ದ ಎಸ್ರು ಬರ್ಕೊಂಡ್ ಬುಟ್ಟೆ. ನಂಗೆ ಜ್ವರ ಬರ್ತಾ ಐತೆ ಅಂತ ಅವತ್ತು ಗೊತ್ತಿರ್ನಿಲ್ಲ."

ಕೈ ಬಿಡಿಸಿ ತೋರಿಸಿದ. ಹತ್ತೂ ಬೆರಳ ತುದಿಯಲ್ಲಿ ಚುಕ್ಕೆ ಚುಕ್ಕೆ. ನನಗೆ ಮೊದಲು ನಗು ಬಂತು, ಆಮೇಲೆ ಕೇಳಿದೆ, "ಯಾರ ಹೆಸರು ಬರೆದೆ?"

ಎರಡು ಹೆಸರು ಹೇಳಿದ. ಮೂರನೆಯದು ಸಣ್ಣಮ್ಮನ ಮಗಳು ಗೌರಿ.

"ಯಾರ್ಗೂ ಏಳ್ಬೇಡ ಕಣ್ಲಾ. ಐದ್ ದಿನ ಮಾತ್ರೆ ನುಂಗ್ತಾರೆ, ಅಷ್ಟೇಯ. ಯಾರ್ ಗಂಟೇನೂ ಓಗಕಿಲ್ಲ. ನನ್ ಕೆಲ್ಸ ಓದ್ರೆ ಮಕ್ಳು ಬೀದೀಗ್ ಬೀಳ್ತವೆ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮಾತ್ರೆ ನುಂಗಿದರೆ ಮುಗಿಯಿತಲ್ಲ ಎಂದು ನನಗೂ ಅನ್ನಿಸಿತು. ಆಫೀಸಿಗೆ ಹೋದರೆ ಅಂಗಳದಲ್ಲಿ ಪಂಪು, ಬಕೆಟ್ಟು, ಡಿಡಿಟಿಯ ಚೀಲ. ಖಾಕಿ ಚಡ್ಡಿಯ ಇಬ್ಬರು ಪಂಪಿನವರು ಬೀಡಿ ಸೇದುತ್ತಿದ್ದರು. ಪಾಸಿಟಿವ್ ಬಂದ ಮನೆಗಳಿಗೆ ಅವತ್ತೇ ಡಿಡಿಟಿ ಹೊಡೆಯಬೇಕೆಂದು ರಂಗಸ್ವಾಮಿಯವರು ಹೊರಟಿದ್ದರು.

"ಸಾರ್, ಅದರಲ್ಲಿ ಒಂದು ಹುಳದ ಮನೆ. ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು. ಅಲ್ಲಿ ಹೊಡೆಯೋ ರೂಢಿ ಇಲ್ಲ" ಅಂದೆ.

"ರೂಢಿ ನಿಮ್ಮ ಹಳೇ ಇನ್ಸ್‌ಪೆಕ್ಟರ್ದು. ಪಾಸಿಟಿವ್ ಮನೆ ಬಿಟ್ಟರೆ ನಾನು ಏನಂತ ಬರೀಲಿ?"

"ಆ ಸ್ಲೈಡು ಇನ್ನೊಂದು ಸಲ ತೆಗೆದು ನೋಡಬಹುದಲ್ಲ ಸಾರ್?"

"ಯಾಕೆ? ಕಾಳೇಗೌಡರ ಮೇಲೆ ಅನುಮಾನವಾ? ಅನುಮಾನ ಇದ್ದರೆ ಬರೆದು ಕೊಡಿ."

ಮೇಜಿನ ಮೇಲಿದ್ದ ಬಿಳಿ ಹಾಳೆಯನ್ನು ನನ್ನ ಕಡೆ ತಳ್ಳಿದರು. ಬರೆದರೆ ಕಾಳೇಗೌಡನ ಅನ್ನ ಹೋಗುತ್ತದೆ, ಬರೆಯದಿದ್ದರೆ ಸಣ್ಣಮ್ಮನ ಹುಳ ಹೋಗುತ್ತವೆ. ಹಾಳೆಯನ್ನು ನಾನು ಮುಟ್ಟಲಿಲ್ಲ. ಆಗ ಅವರು, "ನೀವೂ ಬನ್ನಿ. ಆ ಊರಿನವರು ನಿಮ್ಮ ಮಾತು ಕೇಳ್ತಾರಂತಲ್ಲ" ಅಂದರು. ಮಾತಾಡಲು ಸಂಬಳವಿಲ್ಲ ಎಂದವರಿಗೆ ಅವತ್ತು ಬೇಕಾದದ್ದು ನನ್ನ ಮಾತೇ. ನಾನು ಸೈಕಲ್ಲು ಹತ್ತಿದೆ.

ಮಳೆ ಬಿಟ್ಟಿತ್ತು. ಕೆರೆ ತುಂಬಿ ನಾಟಿಯ ಗದ್ದೆಗಳೆಲ್ಲ ನೀರು. ಬಾಗಿಲಲ್ಲಿ ನಿಂತರೆ ಒಳಗಿನಿಂದ ಹುಳ ಸೊಪ್ಪು ಮೇಯುವ ಸದ್ದು, ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ನಾಲ್ಕನೇ ಜ್ವರ ಎದ್ದ ಹುಳ, ಇನ್ನು ಮೂರು ನಾಲ್ಕು ದಿನಕ್ಕೆ ಗೂಡು ಕಟ್ಟುತ್ತಿದ್ದವು. ಗಂಡ ಗದ್ದೆಗೆ ಹೋಗಿದ್ದ. ನನ್ನನ್ನು ಕಂಡ ಸಣ್ಣಮ್ಮನ ಮುಖ ಅರಳಿತು. ಹಿಂದಿದ್ದ ಪಂಪು ನೋಡಿ ಬಾಗಿಲಿಗೆ ಅಡ್ಡ ನಿಂತಳು.

"ಸಾಮಿ, ಉಳದ್ ಮನೆ ಇದು. ಯಾವತ್ತೂ ಒಡೆದಿಲ್ಲ."

"ನಿಮ್ಮ ಮಗಳ ರಕ್ತದಲ್ಲಿ ಮಲೇರಿಯಾ ಸಿಕ್ಕಿದೆ" ಎಂದು ರಂಗಸ್ವಾಮಿಯವರು ಕಾಗದ ತೋರಿಸಿದರು. ಆಕೆಗೆ ಓದು ಬಾರದು.

ಕೈ ಹಿಂದೆ ಚಾಚಿ ಗೌರಿಯನ್ನು ಮೈಗೆ ಒತ್ತಿಕೊಂಡಳು. ಕಾಗದದ ಕಡೆ ಅವಳು ನೋಡಲಿಲ್ಲ, ನನ್ನ ಕಡೆ ತಿರುಗಿದಳು.

"ನೀನ್ ಏಳಪ್ಪ. ದಿಟವಾ? ಮಗ ಚೆನ್ನಾಗೇ ಆಡ್ಕೊಂಡವ್ಳೆ. ಆ ಇನ್ನೊಬ್ಬಯ್ಯ ನಮ್ ಅಟ್ಟಿ ಒಳೀಕೇ ಬಂದಿಲ್ಲ. ರಕ್ತ ಯಾವಾಗ ತಗಂಡ್ರು?"

ಕೇಳಬೇಕಾದ್ದನ್ನೇ ಕೇಳಿದ್ದಳು. ರಂಗಸ್ವಾಮಿಯವರೂ ನನ್ನ ಮುಖ ನೋಡಿದರು. ಕಾಳೇಗೌಡನ ಚುಕ್ಕೆ ಬಿದ್ದ ಬೆರಳುಗಳು ಕಣ್ಣ ಮುಂದೆ ಬಂದವು. ಅದೊಂದೇ ಕಾರಣ ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಆ ಕೆಂಪು ಪೆನ್ಸಿಲಿನ ಭಯವೂ ಇತ್ತು. ಅದಕ್ಕಿಂತ ಹೆಚ್ಚಾಗಿ, ಮೂರು ತಿಂಗಳಿಂದ ಎಲ್ಲ ಮನೆಗಳ ಮುಂದೆ ಸುಳ್ಳು ತಾರೀಖು ಬರೆದು ಬರೆದು ನನಗೆ ಅಭ್ಯಾಸವಾಗಿತ್ತು.

"ಸ್ಕೂಲಲ್ಲಿ ತಗೊಂಡಿದ್ದಾರೆ ಕಣವ್ವ" ಅಂದೆ.

ಗೌರಿ ತಲೆ ಅಲ್ಲಾಡಿಸಿದಳು. "ಇಲ್ಲ ಕಣವ್ವ, ಯಾರೂ ಚುಚ್ನಿಲ್ಲ."

"ಸುಮ್ಕಿರಮ್ಮಿ! ಅಯ್ಯ ಸುಳ್ ಏಳ್ತಾರಾ?" ಎಂದು ಸಣ್ಣಮ್ಮ ಮಗಳ ಬಾಯಿ ಮುಚ್ಚಿದಳು. ಒಂದು ಗಳಿಗೆ ಒಳಗಿನ ತಟ್ಟೆಗಳನ್ನು ನೋಡುತ್ತಾ ನಿಂತಳು. ಆಮೇಲೆ ಬಾಗಿಲು ಬಿಟ್ಟು ಈಚೆ ಸರಿದು, "ಉಳ ಓದ್ರೆ ಓಯ್ತವೆ. ಎರಡ್ನ ಮಣ್ಣಿಗಾಕಿವ್ನಿ, ಇದೊಂದು ಉಳೀಲಿ. ಒಡೀರಪ್ಪ" ಅಂದಳು.

ಪಂಪಿನವರೇ ಮನಸ್ಸು ತಡೆಯದೆ ತಟ್ಟೆಗಳನ್ನು ಪಕ್ಕದ ಮನೆಯ ಜಗಲಿಗೆ ಸಾಗಿಸಲು ಕೈ ಹಾಕಿದರು. ನಾನೂ ಹೊತ್ತೆ. ಏನೂ ಪ್ರಯೋಜನವಾಗಲಿಲ್ಲ. ಗಾಳಿ ಅದೇ ದಿಕ್ಕಿಗಿತ್ತು, ಎರಡು ಮನೆಗೆ ಒಂದೇ ಗೋಡೆ. ಮರುದಿನ ಹುಳ ಬಾಯಿಂದ ಹಸಿರು ನೀರು ಕಾರಿಕೊಂಡು ತಟ್ಟೆ ತಟ್ಟೆಯೇ ಸತ್ತವಂತೆ. ಹಿತ್ತಲಿನಲ್ಲಿ ಗುಂಡಿ ತೋಡಿ ಮುಚ್ಚಿದರಂತೆ. ಇದನ್ನು ನನಗೆ ಹೇಳಿದ್ದು ಪಂಪಿನವನು. ನೋಡಲು ನಾನು ಹೋಗಲಿಲ್ಲ.

ಆ ಶನಿವಾರ ರಂಗಸ್ವಾಮಿಯವರು ಎಂದೂ ಇಲ್ಲದ ಖುಷಿಯಲ್ಲಿದ್ದರು. ಕಾಳೇಗೌಡನ ಕೆಂಪು ಗೀಟುಗಳನ್ನು ರಬ್ಬರಿನಿಂದ ತಾವೇ ಅಳಿಸಿದರು. ಒಂದೇ ಊರಿನಲ್ಲಿ ಮೂರು ಪಾಸಿಟಿವ್ ಹಿಡಿದದ್ದಕ್ಕೆ ಅವನನ್ನು ಎದ್ದು ನಿಲ್ಲಿಸಿ ಹೊಗಳಿದರು. ಹುಳದ ಮನೆಯವರನ್ನೂ ಒಪ್ಪಿಸಿದ್ದಕ್ಕೆ ನನಗೂ ಶಹಭಾಸ್ ಸಿಕ್ಕಿತು. ಕಾಳೇಗೌಡ ನೆಲ ನೋಡುತ್ತಾ ನಿಂತಿದ್ದ. ಹೊರಗೆ ಬಂದು ಬೇವಿನ ಮರದ ಕೆಳಗೆ ವಾಂತಿ ಮಾಡಿಕೊಂಡ. ಜ್ವರಕ್ಕೋ ಏನೋ ಗೊತ್ತಿಲ್ಲ, ನಾನು ಕೇಳಲಿಲ್ಲ. ಅಂದಿನಿಂದ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟೆವು.

ಹತ್ತು ದಿನ ತಡೆದೆ. ಆಮೇಲೆ ರಜ ಹಾಕಿ ಕೆ.ಆರ್. ಪೇಟೆಯ ಬಸ್ಸು ಹತ್ತಿದೆ. ಶಿವನಂಜಪ್ಪನವರು ಟೂರಿನ ಮೇಲೆ ಗೋವಿಂದನಹಳ್ಳಿಗೆ ಹೋಗಿದ್ದಾರೆ ಎಂದರು. ಅಲ್ಲಿಗೆ ನಡೆದು ಹೋದರೆ, ಗುಡಿಯ ಕಲ್ಲು ಜಗಲಿಯ ಮೇಲೆ ಷರ್ಟು ಬಿಚ್ಚಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದರು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಗೋಡೆ, ಪಟ್ಟಿ, ಕೆಂಪು ಪೆನ್ಸಿಲು, ಊರು ಬದಲಾಯಿಸಿದ್ದು. ಆ ಮನುಷ್ಯ ನಮ್ಮ ಕೆಲಸವನ್ನು ಕೊಂದುಹಾಕಿದ, ನೀವು ಮೇಲಿನವರಿಗೆ ಬರೆಯಬೇಕು ಅಂದೆ. ಅವರು ಬೈಯುತ್ತಾರೆ, ರಂಗಸ್ವಾಮಿಯನ್ನು ಬೈಯುತ್ತಾರೆ ಎಂದು ಕಾದೆ.

"ಬಾಗಲಲ್ಲಿ ಆಯಮ್ಮ ಕೇಳಿದ್ದು ಯಾರನ್ನ?"

"ನನ್ನನ್ನ ಸಾರ್."

"ರಂಗಸ್ವಾಮೀನ ಕೇಳಲಿಲ್ಲ ತಾನೆ?"

"ಇಲ್ಲ ಸಾರ್."

"ಹಂಗಾದ್ರೆ ಅವನ ದೂರು ಹೊತ್ಕೊಂಡು ಇಷ್ಟು ದೂರ ಯಾಕಯ್ಯ ಬಂದೆ? ಅವನದ್ದು ನಾನು ಬರೀತೀನಿ, ಬಿಡು. ಬರೆದರೂ ಏನೂ ಆಗಲ್ಲ, ಅವನ ಲೆಕ್ಕ ಸರಿಯಾಗಿರುತ್ತೆ. ನೀನು ಮೊದಲು ಆ ತಾಯಿ ಹತ್ತಿರ ಹೋಗು. ನಿನ್ನ ಮಗೂಗೆ ಏನೂ ಇರಲಿಲ್ಲ, ನಾನು ಸುಳ್ಳು ಹೇಳಿದೆ ಅನ್ನು. ಕಾಲಲ್ಲಿರೋದನ್ನ ತಗೊಂಡು ಹೊಡೆದರೆ ಹೊಡೆಸಿಕೋ."

ಅವರು ಷರ್ಟು ಹಾಕಿಕೊಂಡು ಎದ್ದು ಹೋದರು. ನನ್ನ ಜೊತೆ ಬಸ್ಸಿನವರೆಗೂ ಬರಲಿಲ್ಲ. ದಾರಿಯುದ್ದಕ್ಕೂ ನನಗೆ ಅವರ ಮೇಲೆ ಸಿಟ್ಟು. ರಂಗಸ್ವಾಮಿಯ ಮೇಲೆ ಇದ್ದುದಕ್ಕಿಂತ ಹೆಚ್ಚಿನ ಸಿಟ್ಟು. ಕೆಲಸದ ರುಚಿ ಹತ್ತಿಸಿದವರು ಅವರು, ಬಿಟ್ಟು ಹೋದವರೂ ಅವರೇ. ಅವರಿದ್ದಾಗ ಒಳ್ಳೆಯವನಾಗಿದ್ದೆ, ರಂಗಸ್ವಾಮಿ ಬಂದಾಗ ಹೀಗಾದೆ. ಹಾಗಾದರೆ ನನ್ನದು ಅಂತ ನನ್ನಲ್ಲಿ ಏನಿತ್ತು? ಈ ವಯಸ್ಸಿನಲ್ಲೂ ಆ ಪ್ರಶ್ನೆ ನನ್ನನ್ನು ಕೆರಳಿಸುತ್ತದೆ.

ಆದರೂ ಮರುದಿನ ಹೋದೆ. ಹೇಳಬೇಕಾದ್ದನ್ನು ಸೈಕಲ್ಲು ತುಳಿಯುತ್ತಾ ನಾಲ್ಕೈದು ಸಲ ಬಾಯಿಪಾಠ ಮಾಡಿಕೊಂಡೆ. ಖಾಲಿ ತಟ್ಟೆಗಳನ್ನು ತೊಳೆದು ಬೇಲಿಗೆ ಒರಗಿಸಿದ್ದರು. ಹುಳಕ್ಕೆಂದು ಬೆಳೆದ ಹಿಪ್ಪುನೇರಳೆ ಸೊಪ್ಪನ್ನು ಹಿತ್ತಲಿನ ಮೇಕೆ ಮೇಯುತ್ತಿತ್ತು. ಸಣ್ಣಮ್ಮ ನನ್ನನ್ನು ಕಂಡದ್ದೇ ಸೆರಗು ಕೊಡವಿಕೊಂಡು ಎದ್ದಳು. ನಾನು ಬಾಯಿ ತೆರೆಯುವ ಮೊದಲೇ ಕೈಗೆ ನೀರಿನ ಚೊಂಬು ಕೊಟ್ಟು, ಪಕ್ಕದ ಮನೆಯವಳನ್ನು ಕೂಗಿದಳು.

"ಬಾರಮ್ಮಿ, ನಮ್ ಅಯ್ಯ ಬಂದವ್ರೆ. ಇವರು ಏಳ್ದೇ ಇದ್ದಿದ್ರೆ ನಾನು ಬಾಗ್ಲು ಬುಡ್ತಿರ್ನಿಲ್ಲ. ಈ ಮಗೀನೂ ಮಣ್ಣಿಗಾಕ್ತಿದ್ದೆ." ನನ್ನ ಕಡೆ ತಿರುಗಿ, "ಐದ್ ದಿನಾನೂ ಮಾತ್ರೆ ನಾನೇ ನುಂಗ್ಸಿದೆ ಕಣಪ್ಪ. ಈಗ ನೋಡು, ಗುಂಡ್‌ಕಲ್ಲಂಗವ್ಳೆ. ಉಳದ್ ಮಾತ್ ಬುಡು, ಬರೋ ವರ್ಸ ಬತ್ತವೆ. ಒಳೀಕ್ ಬಾ, ಉಂಡ್ಕಂಡ್ ಓಗು."

ಮಣೆ ಹಾಕಿದಳು. ನಡುಮನೆಯ ಗೋಡೆ ಡಿಡಿಟಿಯಿಂದ ಬೆಳ್ಳಗಾಗಿತ್ತು, ಅಟ್ಟಣೆ ಇದ್ದ ಜಾಗ ಖಾಲಿ. ಗೌರಿ ಕಂಬ ಹಿಡಿದು ನಿಂತು ರೆಪ್ಪೆ ಹೊಡೆಯದೆ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತು. ಆ ಮನೆಯಲ್ಲಿ ನನ್ನ ಬಿಟ್ಟರೆ ಗೊತ್ತಿದ್ದುದು ಅವಳಿಗೊಬ್ಬಳಿಗೇ. ಸಣ್ಣಮ್ಮ ಬಿಸಿ ಮುದ್ದೆ ಇಟ್ಟು, ಅವರೆಕಾಳಿನ ಸಾರು ಹೊಯ್ದಳು. ನಾನು ತಲೆ ಬಗ್ಗಿಸಿ ಮುದ್ದೆ ಮುರಿದೆ. ತಟ್ಟೆ ಖಾಲಿಯಾಗುವವರೆಗೂ ತಲೆ ಎತ್ತಲಿಲ್ಲ.

"ಇನ್ನೊಂದ್ ಇಕ್ಲಾಪ್ಪ?" ಎಂದು ಕೇಳಿದಳು.

"ಇಕ್ಕವ್ವ" ಅಂದೆ.